ಹಾವಿನ ಹೊಟ್ಟೆಗೆ ಬೇಕಾದ ಕಾವು

ಹಾವು ಊಟ ಬಿಟ್ಟರೆ ಗಾಬರಿ ಬೇಡ. ಉಂಡದ್ದನ್ನು ಕಕ್ಕಿದರೆ ಮಾತ್ರ ಒಂದು ದಿನವೂ ಉದಾಸೀನ ಬೇಡ. ರಾಯಲ್ ಪೈಥಾನ್ ಎಂಬ ಹೆಬ್ಬಾವಿನ ಜಾತಿಯನ್ನು ಸಾಕುವವರು ಯಾರೇ ಕೇಳಲಿ, ನಾನು ಮೊದಲು ಹೇಳುವುದು ಇದನ್ನೇ. ಎರಡೂ ಒಂದೇ ತೊಂದರೆ ಎಂದುಕೊಂಡವರು ಎರಡು ಸಂದರ್ಭದಲ್ಲೂ ಹಾವಿಗೆ ಕಷ್ಟ ಕೊಡುತ್ತಾರೆ. ಸುಮ್ಮನೆ ಉಪವಾಸವಿರುವ ಹಾವಿನ ಬಾಯಿ ಬಿಡಿಸಿ ಇಲಿ ತುರುಕುತ್ತಾರೆ. ಹೊಟ್ಟೆ ಕೆಟ್ಟು ಕಕ್ಕಿದ ಹಾವಿಗೆ, ಪಾಪ, ಹಸಿದಿರುತ್ತದೆ ಎಂದು ಮರುದಿನವೇ ಇನ್ನೊಂದು ಇಲಿ ಹಾಕುತ್ತಾರೆ. ಎರಡನೆಯದು ಹಾವಿನ ಜೀವವನ್ನೇ ತೆಗೆಯಬಲ್ಲದು.

ನಮ್ಮ ಮನೆಯಲ್ಲಿರುವವಳು ಅಂಜನಾ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಬೀದಿಯಲ್ಲೇ ಇದ್ದ ಒಂದು ಕುಟುಂಬ ಆಸ್ಟ್ರೇಲಿಯಾಕ್ಕೆ ಹೊರಟಾಗ ಅವಳನ್ನು ನಮಗೆ ಕೊಟ್ಟುಹೋಯಿತು. ಆ ದೇಶ ಹೊರಗಿನ ಹಾವುಗಳನ್ನು ಸಾಕುಪ್ರಾಣಿಯಾಗಿ ಒಳಗೆ ಬಿಡುವುದಿಲ್ಲ, ಹಾಗಾಗಿ ಅವರಿಗೆ ಬೇರೆ ದಾರಿ ಇರಲಿಲ್ಲ. ಕಂದು ಮೈಮೇಲೆ ಜೇನುಬಣ್ಣದ ಪಟ್ಟೆಗಳು, ಮೂಗಿನ ತುದಿಯಿಂದ ಕಣ್ಣನ್ನು ಹಾದು ಕುತ್ತಿಗೆಯತ್ತ ಎಳೆದ ಕಪ್ಪು ಗೆರೆ. ಕಾಡಿಗೆ ಹಚ್ಚಿದಂತಿದ್ದ ಆ ಗೆರೆಯನ್ನು ನೋಡಿ ಮಗಳು ಇಟ್ಟ ಹೆಸರು ಅದು. ಮೂಲದಲ್ಲಿ ಇವು ಸೆನೆಗಲ್‌ನಿಂದ ಉಗಾಂಡಾದವರೆಗಿನ ಆಫ್ರಿಕಾದ ಹಾವುಗಳು. ಇಲಿಯ ಬಿಲಗಳಲ್ಲಿ, ಗೆದ್ದಲಿನ ಹುತ್ತಗಳಲ್ಲಿ ಹಗಲು ಕಳೆದು ರಾತ್ರಿ ಹೊರಗೆ ಬರುವ, ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುವ ಸಂಕೋಚದ ಪ್ರಾಣಿ. ಅಮೆರಿಕದಲ್ಲಿ ಇದನ್ನು ಬಾಲ್ ಪೈಥಾನ್ ಎನ್ನುವುದು ಅದಕ್ಕಾಗಿಯೇ.

ಅವಳು ಬಂದದ್ದು ಸೆಪ್ಟೆಂಬರಿನಲ್ಲಿ. ಹೊಸ ಮನೆ, ಹೊಸ ವಾಸನೆ, ಹೊಸ ಹೆಜ್ಜೆ ಸಪ್ಪಳ. ಸ್ವಲ್ಪ ಒಗ್ಗಿಕೊಳ್ಳಲಿ ಎಂದು ಮೊದಲ ವಾರ ಏನೂ ಕೊಡಲಿಲ್ಲ. ಆಮೇಲೆ ಹಳೆಯ ಮನೆಯವರು ಬರೆದುಕೊಟ್ಟ ಪಟ್ಟಿಯಂತೆಯೇ ದೊಡ್ಡ ಗಾತ್ರದ ಇಲಿಯೊಂದನ್ನು ಬಿಸಿ ಮಾಡಿ ಕೊಟ್ಟೆವು. ಗಬಕ್ಕನೆ ಹಿಡಿದು, ಸುತ್ತಿ, ನುಂಗಿದಳು. ನಾಲ್ಕನೆಯ ದಿನ ಬೆಳಿಗ್ಗೆ ಅವಳಿರುವ ಗಾಜಿನ ಪೆಟ್ಟಿಗೆಯ, ಅಂದರೆ ವೈವೇರಿಯಮ್‌ನ ಬಾಗಿಲು ಸರಿಸಿದಾಗ ಎದುರಾದ ವಾಸನೆಯನ್ನು ಬರೆದು ತಿಳಿಸಲಾರೆ. ನೀರಿನ ಬಟ್ಟಲಿನ ಪಕ್ಕದಲ್ಲಿ ರೋಮ ಅರ್ಧ ಉದುರಿದ, ಲೋಳೆ ಮೆತ್ತಿಕೊಂಡ, ಉದ್ದಕ್ಕೆ ಎಳೆದಂತಾಗಿದ್ದ ಇಲಿ. ಅದರಿಂದ ಸಾಧ್ಯವಾದಷ್ಟು ದೂರದ ಮೂಲೆಯಲ್ಲಿ ಅಂಜನಾ.

ಇಂಥ ಹೊತ್ತಿನಲ್ಲಿ ಮಾಡಬೇಕಾದ ಮೊದಲ ಕೆಲಸ, ಕಕ್ಕಿದ್ದನ್ನು ಕಸದ ಬುಟ್ಟಿಗೆ ಹಾಕದಿರುವುದು. ಎರಡು ಪ್ಲಾಸ್ಟಿಕ್ ಚೀಲದೊಳಗೆ ಬಿಗಿಯಾಗಿ ಕಟ್ಟಿ ತಣ್ಣಗೆ ಇಡಬೇಕು. ವೈದ್ಯರಿಗೆ ಅದು ಅಂದಾಜಿಗಿಂತ ಹೆಚ್ಚಿನದನ್ನು ಹೇಳುತ್ತದೆ. ನುಂಗಿದ ಒಂದು ದಿನದೊಳಗೆ, ಇಲಿ ಇನ್ನೂ ಇಲಿಯಂತೆಯೇ ಇರುವಾಗ ಹೊರಗೆ ಬಂದಿದ್ದರೆ ಹಾವು ಬೆದರಿದೆ, ಅಥವಾ ತುತ್ತು ಅಳತೆ ಮೀರಿದೆ ಎಂದು ಮೊದಲು ಶಂಕಿಸಬಹುದು. ಮೂರು ನಾಲ್ಕು ದಿನ ಕಳೆದು, ಅರ್ಧ ಕರಗಿ, ಕೊಳೆತ ನಾತದೊಂದಿಗೆ ಬಂದಿದ್ದರೆ ಹೊಟ್ಟೆ ಕೆಲಸ ಶುರುಮಾಡಿ ಮುಗಿಸಲಾರದೆ ಸೋತಿದೆ. ಕಾವು ಸಾಲದಿರಬಹುದು, ಹುಳುಗಳಿರಬಹುದು, ಸೋಂಕಿರಬಹುದು. ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಬೇಕು. ಹಾವುಗಳ ಹೊಟ್ಟೆಯಲ್ಲಿ ಮನುಷ್ಯರ ಹೊಟ್ಟೆಯನ್ನೂ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಅಡುಗೆ ಮನೆಯ ಸಿಂಕಿನ ಹತ್ತಿರಕ್ಕೂ ಹಾವಿನ ಪಾತ್ರೆಗಳನ್ನು ತರಬಾರದು.

ಬೆದರಿ ಕಕ್ಕುವುದನ್ನು ನಾನು ಊರಿನಲ್ಲೇ ಕಂಡಿದ್ದೇನೆ. ಶಿರಸಿಯ ಕಡೆಯ ಅಡಿಕೆ ತೋಟದಲ್ಲಿ ಬೆಳೆದವರಿಗೆ ಹೆಬ್ಬಾವು ಹೊಸದಲ್ಲ. ಒಮ್ಮೆ ಕೆಳಗಿನ ತೋಟದ ಕಾಲುವೆಯ ಬದಿಯಲ್ಲಿ ಪಕ್ಕದ ಮನೆಯ ಕೋಳಿಯನ್ನು ನುಂಗಿ ಮಲಗಿದ್ದ ಹೆಬ್ಬಾವಿನ ಸುತ್ತ ಊರೇ ನೆರೆದಿತ್ತು. ಕೋಲು, ಕೂಗು, ನಾಯಿಗಳ ಬೊಗಳಾಟ. ಅದು ಕುತ್ತಿಗೆಯನ್ನು ಅಲೆ ಅಲೆಯಾಗಿ ಮುರಿಯುತ್ತಾ ಕೋಳಿಯನ್ನು ಹೊರಗೆ ಹಾಕಿ, ಹಗುರಾಗಿ, ಬಾಳೆಯ ಹಿಂಡಿಗೆ ನುಗ್ಗಿ ಮಾಯವಾಯಿತು. ‘ಮದ್ದು ಹಾಕಿದರೇನೋ’ ಎಂದು ಯಾರೋ ಅಂದರು. ಮದ್ದೇನೂ ಇರಲಿಲ್ಲ. ಹೊಟ್ಟೆ ತುಂಬಿದ ಹೆಬ್ಬಾವು ಓಡಲಾರದು. ಜೀವ ಉಳಿಸಿಕೊಳ್ಳಲು ಊಟವನ್ನೇ ಬಿಟ್ಟುಕೊಡುತ್ತದೆ. ಸಾಕಿದ ಹಾವನ್ನು ಉಂಡ ಮೇಲೆ ಕನಿಷ್ಠ ಎರಡು ದಿನ ಕೈಗೆತ್ತಿಕೊಳ್ಳಬಾರದು ಎಂಬ ನಿಯಮದ ಹಿಂದಿರುವುದು ಇದೇ. ದೊಡ್ಡ ತುತ್ತಾದರೆ ನಾನು ಹೊಟ್ಟೆಯ ಉಬ್ಬು ಇಳಿಯುವವರೆಗೂ ಮುಟ್ಟುವುದಿಲ್ಲ.

ಆದರೆ ಅಂಜನಾಳನ್ನು ಯಾರೂ ಮುಟ್ಟಿರಲಿಲ್ಲ. ನಾಲ್ಕು ದಿನ ಕಳೆದಿತ್ತು. ಹಾಗಾಗಿ ನನ್ನ ಕಣ್ಣು ಹೋದದ್ದು ಹೀಟರಿನತ್ತ. ಕಾವು ನೋಡಿ ಹೀಟರನ್ನು ಹೊತ್ತಿಸಿ ಆರಿಸುವ ಥರ್ಮೋಸ್ಟಾಟ್‌ನ ಮುಖದ ಮೇಲೆ 32 ಡಿಗ್ರಿ ಸೆಲ್ಸಿಯಸ್ ಎಂದು ಹಸಿರು ಅಂಕಿ ಉರಿಯುತ್ತಲೇ ಇತ್ತು. ನಾನು ಕೆಲಸ ಮಾಡುವುದು ಶಾಲೆಯೊಂದರ ವಿಜ್ಞಾನ ಪ್ರಯೋಗಾಲಯದಲ್ಲಿ. ಒಂದೇ ಉಪಕರಣದ ಮಾತನ್ನು ನಂಬಬಾರದೆಂಬುದು ನನಗೆ ಅನ್ನ ಕೊಡುವ ವಿದ್ಯೆ. ದೂರದಿಂದ ಗುರಿಯಿಟ್ಟು ಮೇಲ್ಮೈಯ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು, ಅವಳು ಮಲಗುವ ಜಾಗದ ನೆಲಕ್ಕೆ ಹಿಡಿದೆ. 27. ಇನ್ನೊಂದು ತುದಿಯಲ್ಲಿ, ಕಿಟಕಿಯ ಕಡೆ, 20ರ ಆಸುಪಾಸು. ಪೆಟ್ಟಿಗೆಯೊಂದಿಗೆ ಬಂದಿದ್ದ ಥರ್ಮೋಸ್ಟಾಟ್‌ನ ತಂತಿಯ ತುದಿಯನ್ನು ಹೀಟರಿಗೆ ಅಂಟಿದಂತೆ ಮೇಲ್ಗಡೆ ಗೋಡೆಗೆ ಬಡಿಯಲಾಗಿತ್ತು. ಅದು ತನ್ನ ಪಕ್ಕದ ಗಾಳಿ ಬಿಸಿಯಾದ ಕೂಡಲೇ ಹೀಟರ್ ಆರಿಸುತ್ತಿತ್ತು, ನೆಲಕ್ಕೆ ಕಾವು ಇಳಿಯುವ ಮೊದಲೇ. ಬೇಸಿಗೆಯಲ್ಲಿ ಮನೆಯೇ ಬೆಚ್ಚಗಿದ್ದಾಗ ಈ ದೋಷ ಯಾರಿಗೂ ಕಂಡಿರಲಿಕ್ಕಿಲ್ಲ. ಲೀಡ್ಸ್ ಇರುವ ಯಾರ್ಕ್‌ಷೈರಿನ ಶರತ್ಕಾಲ ಅದನ್ನು ಬಯಲಿಗೆಳೆಯಿತು.

ಕಾವಿನ ಮಹತ್ವವನ್ನು ಎಷ್ಟು ಹೇಳಿದರೂ ಸಾಲದು. ನಮ್ಮ ಹೊಟ್ಟೆಗೆ ಬೇಕಾದ 37 ಡಿಗ್ರಿಯನ್ನು ನಾವೇ ಒಳಗೆ ತಯಾರಿಸಿಕೊಳ್ಳುತ್ತೇವೆ. ಹಾವು ಅದನ್ನು ಹೊರಗಿನಿಂದ ಪಡೆಯಬೇಕು. ಕಾವಿಲ್ಲದಿದ್ದರೆ ಜೀರ್ಣರಸಗಳು ಮಂದವಾಗುತ್ತವೆ, ಆದರೆ ಸತ್ತ ಇಲಿಯ ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು ಅಷ್ಟು ಮಂದವಾಗುವುದಿಲ್ಲ. ಕರಗಿಸುವುದಕ್ಕೂ ಕೊಳೆಯುವುದಕ್ಕೂ ನಡುವೆ ಪೈಪೋಟಿ ಹುಟ್ಟುತ್ತದೆ. ಕೊಳೆಯುವುದು ಮುಂದೆ ಹೋಯಿತೆಂದರೆ ಇಲಿಯ ಹೊಟ್ಟೆ ಹಾವಿನ ಹೊಟ್ಟೆಯೊಳಗೇ ಉಬ್ಬುತ್ತದೆ. ಆಗ ಹಾವಿಗೆ ಉಳಿಯುವ ದಾರಿ ಅದನ್ನು ಹೊರಗೆ ತಳ್ಳುವುದೊಂದೇ. ಅಂದರೆ ಕಕ್ಕುವುದು ಅದರ ದೇಹ ತನ್ನನ್ನು ಕಾಪಾಡಿಕೊಂಡ ರೀತಿ. ಅದನ್ನು ಗೌರವಿಸಬೇಕು.

ಈ ಹಾವುಗಳ ಜೀರ್ಣಕ್ರಿಯೆಯ ಬಗ್ಗೆ ಓದಿದಷ್ಟೂ ನನಗೆ ಅವುಗಳ ಮೇಲೆ ಭಕ್ತಿಯೇ ಹೆಚ್ಚಾಗಿದೆ. ಅಮೆರಿಕದ ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ 1990ರ ದಶಕದಲ್ಲಿ ಬರ್ಮೀಸ್ ಪೈಥಾನ್‌ಗಳ ಮೇಲೆ ಮಾಡಿದ ಅಧ್ಯಯನಗಳು ಪ್ರಸಿದ್ಧವಾಗಿವೆ. ಉಪವಾಸದಲ್ಲಿರುವ ಪೈಥಾನ್ ತನ್ನ ಜೀರ್ಣಾಂಗವನ್ನು ಬಹುಪಾಲು ಮುಚ್ಚಿಯೇ ಇಟ್ಟಿರುತ್ತದೆ. ಜಠರದಲ್ಲಿ ಆಮ್ಲವೇ ಇರುವುದಿಲ್ಲ ಎನ್ನಬಹುದು, ಕರುಳು ಸಣ್ಣಗೆ ಕುಗ್ಗಿರುತ್ತದೆ. ಬೇಟೆ ಒಳಗೆ ಹೋದ ಮೇಲೆ ಎಲ್ಲವೂ ಏಳುತ್ತದೆ. ಒಂದೆರಡು ದಿನಗಳಲ್ಲಿ ಜಠರ ತೀಕ್ಷ್ಣ ಆಮ್ಲದಿಂದ ತುಂಬುತ್ತದೆ, ಸಣ್ಣ ಕರುಳು ಸುಮಾರು ಇಮ್ಮಡಿ ತೂಗುತ್ತದೆ, ಯಕೃತ್ತು, ಮೂತ್ರಪಿಂಡಗಳು ದೊಡ್ಡದಾಗುತ್ತವೆ. ದೇಹ ಶಕ್ತಿಯನ್ನು ಬಳಸುವ ವೇಗ ದೊಡ್ಡ ಊಟದ ಬಳಿಕ ನಲವತ್ತು ಪಟ್ಟಿನವರೆಗೂ ಏರುತ್ತದೆ. ಹೃದಯದ ಸ್ನಾಯು 48 ಗಂಟೆಗಳಲ್ಲಿ ಶೇಕಡ 40ರಷ್ಟು ಬೆಳೆಯುತ್ತದೆಂದು 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿತು. ಊಟ ಕರಗಿ ಮುಗಿದ ಮೇಲೆ ಎಲ್ಲವೂ ಮತ್ತೆ ಕುಗ್ಗುತ್ತದೆ. ರಾಯಲ್ ಪೈಥಾನ್ ಸೇರಿದಂತೆ ಅದೇ ಕುಲದ ಬೇರೆ ಜಾತಿಗಳಲ್ಲೂ ಇದೇ ಬಗೆಯ ಏರಿಳಿತವನ್ನು ಕಂಡಿದ್ದಾರೆ. ನಮ್ಮೂರಿನಲ್ಲಿ ಮದುವೆಗೆಂದೇ ಹಿತ್ತಲಿನಲ್ಲಿ ಉದ್ದ ಒಲೆ ತೋಡಿ, ಕೆಲಸ ಮುಗಿದ ಮೇಲೆ ಮುಚ್ಚಿಬಿಡುತ್ತಾರಲ್ಲ, ಹಾವಿನ ಹೊಟ್ಟೆ ಆ ಒಲೆಯಂತೆ. ಒಂದು ಊಟಕ್ಕೆ ಅಷ್ಟು ಖರ್ಚು ಮಾಡಿ, ಆಮ್ಲ ಸುರಿದು, ಕರುಳು ಬೆಳೆಸಿ, ಕೊನೆಗೆ ಊಟವನ್ನೇ ಹೊರಹಾಕಬೇಕಾಗಿ ಬಂದ ಪ್ರಾಣಿ ಎಷ್ಟು ಬಳಲಿರುತ್ತದೆ ಎಂದು ಯೋಚಿಸಿ. ಗಂಟಲಿನ ಒಳಪದರ ಆಮ್ಲದಿಂದ ಸುಟ್ಟಿರುತ್ತದೆ. ನೀರು, ಲವಣಗಳು ನಷ್ಟವಾಗಿರುತ್ತವೆ. ಅಂಥ ಹೊಟ್ಟೆಗೆ ಮರುದಿನ ಇನ್ನೊಂದು ಇಲಿ ಹೋದರೆ ಅದೂ ಹೊರಗೆ ಬರುತ್ತದೆ, ಮತ್ತಷ್ಟು ಬಳಲಿಕೆ ಉಳಿಯುತ್ತದೆ. ಇದೇ ಸುಳಿಯಲ್ಲಿ ಹಾವುಗಳು ಸಾಯುತ್ತವೆ.

ಸರೀಸೃಪಗಳನ್ನು ನೋಡುವ ಪಶುವೈದ್ಯೆಯ ಬಳಿ ಕರೆದೊಯ್ದೆವು. ನಾಯಿ ಬೆಕ್ಕುಗಳ ವೈದ್ಯರೆಲ್ಲರೂ ಹಾವನ್ನು ನೋಡುವುದಿಲ್ಲ. ಇದನ್ನು ಹಾವು ಮನೆಗೆ ಬರುವ ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ದಿಂಬಿನ ಚೀಲದೊಳಗೆ ಅಂಜನಾ, ಅದರ ಕೆಳಗೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ, ಜೊತೆಗೆ ಕಕ್ಕಿದ ಇಲಿಯ ಕಟ್ಟು. ವೈದ್ಯೆ ಮೊದಲು ತೂಗಿದರು, 1,380 ಗ್ರಾಂ. ಬಾಯಿಯೊಳಗೆ ನೋಡಿದರು. ಹೊಟ್ಟೆಯ ಉದ್ದಕ್ಕೂ ಬೆರಳಾಡಿಸಿದರು. ಮೈಯ ನಡುಭಾಗದಲ್ಲಿ ಗಟ್ಟಿ ಊತವಿದೆಯೇ ಎಂದು ಅವರು ಹುಡುಕುತ್ತಿದ್ದರೆಂದು ಆಮೇಲೆ ತಿಳಿಯಿತು. ಕ್ರಿಪ್ಟೋಸ್ಪೊರಿಡಿಯಂ ಎಂಬ ಏಕಕೋಶ ಪರಾವಲಂಬಿ ಹಾವಿನ ಜಠರದ ಗೋಡೆಯನ್ನು ದಪ್ಪಗೆ ಬೆಳೆಸಿ, ತಿಂದದ್ದನ್ನೆಲ್ಲ ಕಕ್ಕುವಂತೆ ಮಾಡುತ್ತದೆ. ಅದಕ್ಕೆ ಭರವಸೆಯ ಔಷಧಿ ಇಲ್ಲ, ಸಾಮಾನ್ಯ ಸೋಂಕುನಾಶಕಕ್ಕೂ ಅದು ಸಾಯುವುದಿಲ್ಲ. ಮಲವನ್ನೂ ಕಕ್ಕಿದ್ದನ್ನೂ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ಊಟ ಸರಿಯಾಗಿ ಸೇರಲಿಲ್ಲ. ಕ್ರಿಪ್ಟೋ ಇರಲಿಲ್ಲ. ಹುಳುವಿನ ಮೊಟ್ಟೆಗಳೂ ಇರಲಿಲ್ಲ.

‘ಹಾಗಾದರೆ ಏನು ಔಷಧಿ ಕೊಡುತ್ತೀರಿ?’ ಎಂದು ಕೇಳಿದೆ.

‘ಕಾವು, ನೀರು, ಕತ್ತಲೆ, ಮತ್ತೆ ನಿಮ್ಮ ತಾಳ್ಮೆ. ಮೂರು ವಾರ ಏನನ್ನೂ ತಿನ್ನಿಸಬೇಡಿ. ಆಮೇಲೆ ಕೊಡುವುದು ನಿಮಗೆ ಅವಮಾನವೆನಿಸುವಷ್ಟು ಸಣ್ಣದಾಗಿರಲಿ’ ಎಂದರು.

ಅಂದೇ ಥರ್ಮೋಸ್ಟಾಟ್‌ನ ತಂತಿಯನ್ನು ಅವಳು ಮಲಗುವ ಮಟ್ಟಕ್ಕೆ ಇಳಿಸಿ ಬಿಗಿದೆವು. ಬಿಸಿ ಬದಿಯ ನೆಲ 32ರಿಂದ 33, ತಂಪು ಬದಿ 25. ಎರಡೂ ಬೇಕು. ಕಾವು ಹೆಚ್ಚಾದಾಗ ಸರಿದುಹೋಗಲು ಜಾಗವಿಲ್ಲದ ಹಾವು ಕೂಡ ಕಕ್ಕುತ್ತದೆ. ಎರಡು ಬದಿಯಲ್ಲೂ ಒಂದೊಂದು ಗೂಡು ಇಟ್ಟೆವು, ಮೈಗೆ ತಾಗುವಷ್ಟು ಇಕ್ಕಟ್ಟಾದದ್ದು. ವಿಶಾಲವಾದ ಗೂಡು ನಮಗೆ ಚೆಂದ ಕಾಣುತ್ತದೆ, ಬಿಲದಲ್ಲಿ ಬದುಕುವ ಹಾವಿಗೆ ಅದು ಬಯಲು. ಇಕ್ಕಟ್ಟಿನ ಗೂಡು ಒಂದೇ ಬದಿಯಲ್ಲಿದ್ದರೆ, ಮರೆಗಾಗಿ ಕಾವನ್ನು ಬಿಡುವುದೋ ಕಾವಿಗಾಗಿ ಮರೆಯನ್ನು ಬಿಡುವುದೋ ಎಂಬ ಸಂಕಟಕ್ಕೆ ಅದನ್ನು ದೂಡಿದಂತೆ. ಗಾಜಿನ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿದೆವು. ರಾತ್ರಿ ಮನೆಯ ಹೀಟಿಂಗ್ ಆರಿದಾಗಲೂ ಪೆಟ್ಟಿಗೆಯ ಹೀಟರ್ ಆರುವುದಿಲ್ಲ. ವಿದ್ಯುತ್ ಬಿಲ್ಲು ಏರಿದಾಗ ಅನೇಕರು ಮೊದಲು ಕೈ ಹಾಕುವುದು ಈ ಹೀಟರಿಗೆ. ಹಾವಿನ ಊಟದ ಖರ್ಚಿನಲ್ಲಿ ವಿದ್ಯುತ್ತನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು, ಅದಿಲ್ಲದೆ ಇಲಿ ಕೊಂಡು ಪ್ರಯೋಜನವಿಲ್ಲ.

ಮೂರು ವಾರದ ಬಳಿಕ ಆಗಷ್ಟೇ ಹಾಲು ಬಿಟ್ಟ, ಮೂವತ್ತು ಗ್ರಾಂನ ಇಲಿಮರಿ. ಅದಕ್ಕೆ ಮೊದಲು ಅವಳಿಗೆ ಸಿಗುತ್ತಿದ್ದದ್ದು ಇನ್ನೂರು ಗ್ರಾಂ ಮೀರಿದ ಇಲಿಗಳು. ಬೆಳೆದ ರಾಯಲ್ ಪೈಥಾನ್‌ಗೆ ಅದರ ತೂಕದ ಶೇಕಡ ಐದರ ಸುತ್ತಮುತ್ತಲಿನ ತುತ್ತು, ಎರಡು ಮೂರು ವಾರಗಳಿಗೊಮ್ಮೆ, ಧಾರಾಳವಾಗಿ ಸಾಕು. ಮೈಯ ಅತ್ಯಂತ ದಪ್ಪ ಭಾಗಕ್ಕಿಂತ ಇಲಿ ದಪ್ಪವಿರಬಾರದು ಎಂಬುದು ಹಳೆಯ ಅಳತೆ, ಅದೂ ಒಳ್ಳೆಯದೇ. ಸಣ್ಣ ತುತ್ತು ಒಳಗೆ ಉಳಿಯಿತು. ಅದು ಮಲವಾಗಿ ಹೊರಗೆ ಬಂದ ಮೇಲೆಯೇ ಎರಡನೆಯದು. ಮೂಳೆಯನ್ನೂ ಕರಗಿಸುವ ಆ ಆಮ್ಲ ರೋಮವನ್ನು ಮಾತ್ರ ಕರಗಿಸುವುದಿಲ್ಲ. ಮಲದಲ್ಲಿ ಬರಿಯ ಕೂದಲು ಕಂಡು, ಮೂಳೆಯ ಚೂರು ಕಾಣದಿದ್ದರೆ ಜೀರ್ಣ ಚೆನ್ನಾಗಿ ಆಗಿದೆ ಎಂದರ್ಥ. ಮಗಳು ಶಾಲೆಯ ಪುಸ್ತಕಕ್ಕೂ ತೋರದ ಶ್ರದ್ಧೆಯಿಂದ ಇದನ್ನು ಕಡ್ಡಿಯಲ್ಲಿ ಬಿಡಿಸಿ ನೋಡಿ ಬರೆದಿಡುತ್ತಾಳೆ.

ಆಮೇಲೆ ಬಂತು ಚಳಿಗಾಲದ ಉಪವಾಸ. ಡಿಸೆಂಬರಿನಿಂದ ಅಂಜನಾ ಇಲಿಯತ್ತ ತಿರುಗಿಯೂ ನೋಡಲಿಲ್ಲ. ಕಾವು ಸರಿಯಿತ್ತು, ತೇವ ಸರಿಯಿತ್ತು, ಪೊರೆ ಬಿಡುವ ಸಮಯವೂ ಅಲ್ಲ. ಪೊರೆ ಬಿಡುವ ಮೊದಲು ಕಣ್ಣು ಹಾಲುನೀಲಿಯಾಗುತ್ತದೆ, ಆಗ ಉಣ್ಣದಿರುವುದು ಸಹಜ. ಇದು ಬೇರೆ. ರಾಯಲ್ ಪೈಥಾನ್‌ಗಳು ವರ್ಷದ ತಂಪು ತಿಂಗಳುಗಳಲ್ಲಿ, ಅಂದರೆ ಕೂಡುವ ಕಾಲದಲ್ಲಿ, ತಿಂಗಳುಗಟ್ಟಲೆ ಊಟ ಬಿಡುತ್ತವೆ. ನಾಲ್ಕು ಗೋಡೆಯ ನಡುವೆ ಹುಟ್ಟಿ ಬೆಳೆದವೂ ಬಿಡುತ್ತವೆ. ಹಾವಿನೊಂದಿಗೆ ಬಾಳುವವರಿಗೆ ಅತ್ಯಂತ ಕಷ್ಟದ ಕಾಲ ಇದು. ನಾವು ಬೆಳೆದಿರುವುದೇ ‘ಊಟ ಆಯಿತಾ’ ಎಂದು ಎಲ್ಲರನ್ನೂ ಕೇಳುವ ಜನರ ನಡುವೆ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದರೆ ಅಪಚಾರ. ಹಾಗಿರುವಾಗ ಮನೆಯೊಳಗಿನ ಜೀವವೊಂದು ತಿಂಗಳುಗಟ್ಟಲೆ ಉಣ್ಣದೆ ಇರುವುದನ್ನು ನೋಡುತ್ತಾ ಕೂರುವುದು ಸುಲಭವಲ್ಲ. ಆದರೆ ಆ ಸಂಕಟ ನಮ್ಮದು, ಹಾವಿನದ್ದಲ್ಲ. ಹಾವಿನ ಸ್ಥಿತಿಯನ್ನು ತಕ್ಕಡಿಯಲ್ಲಿ ನೋಡಬೇಕು. ಪ್ರತಿ ಎರಡು ವಾರಕ್ಕೆ ತೂಗಿ ಬರೆದಿಡುತ್ತಿದ್ದೆವು. ಉಪವಾಸ ಶುರುವಾದಾಗಿನ ತೂಕದ ಹತ್ತನೇ ಒಂದು ಭಾಗ ಇಳಿದರೆ ಕರೆತನ್ನಿ ಎಂದು ವೈದ್ಯೆ ಹೇಳಿದ್ದರು. ಮಾರ್ಚ್ ತಿಂಗಳಿನಲ್ಲಿ ನೋಡಿದಾಗ ಇಳಿದದ್ದು ಅರವತ್ತು ಗ್ರಾಂ. ಬೆನ್ನೆಲುಬು ಎದ್ದು ಕಾಣುತ್ತಿರಲಿಲ್ಲ, ಚರ್ಮ ಮಡಿಕೆಯಾಗಿರಲಿಲ್ಲ, ನಾಲಿಗೆ ಚುರುಕಾಗಿತ್ತು. ಅಷ್ಟು ಸಾಕಾಗಿತ್ತು ನನಗೆ.

ಆ ತಿಂಗಳುಗಳಲ್ಲಿ ಒತ್ತಾಯದ ತುತ್ತಿನ ಸಲಹೆ ಕೊಟ್ಟವರು ಬಹಳ ಮಂದಿ. ಬಾಯಿಗೆ ನಳಿಕೆ ಇಳಿಸಿ ಆಹಾರ ಕೊಡುವುದು ವೈದ್ಯರ ಕೊನೆಯ ಉಪಾಯ. ಆರೋಗ್ಯವಾಗಿರುವ ಬೆಳೆದ ಹಾವಿಗೆ ಅದು ಬೇಡವೇ ಬೇಡ. ಇಲಿಯನ್ನು ಜೀವಂತ ಬಿಡಿ ಎಂದವರೂ ಇದ್ದರು. ಹಸಿವಿಲ್ಲದ ಹಾವಿನ ಜೊತೆ ಬಿಟ್ಟ ಇಲಿ ಸುಮ್ಮನೆ ಕೂರುವುದಿಲ್ಲ, ಹಾವಿನ ಬೆನ್ನನ್ನು ಮೂಳೆ ಕಾಣುವಂತೆ ಕಡಿದ ಉದಾಹರಣೆಗಳಿವೆ. ಇಲಿಯ ಪಾಲಿಗೂ ಅದು ಕ್ರೌರ್ಯ. ಇಲ್ಲಿ ಹೆಚ್ಚಿನವರು ಬಳಸುವುದು ಮೊದಲೇ ಕೊಂದು ಹೆಪ್ಪುಗಟ್ಟಿಸಿದ ಇಲಿಗಳನ್ನು.

ಈ ಹೆಪ್ಪುಗಟ್ಟಿದ ಇಲಿಗಳ ವಿಷಯ ನಮ್ಮಂಥ ಮನೆಗಳಲ್ಲಿ ಸಣ್ಣದಲ್ಲ. ಹವ್ಯಕರ ಮನೆ, ಅಡುಗೆ ಮನೆಗೆ ಮೊಟ್ಟೆಯೂ ಬಾರದು. ಮೆಟ್ಟಿಲಿನ ಕೆಳಗೆ ಪುಟ್ಟ ಫ್ರೀಜರ್ ಒಂದನ್ನು ಬೇರೆಯಾಗಿಯೇ ಇಟ್ಟೆವು, ಅದರ ಇಕ್ಕಳ, ಪಾತ್ರೆ, ಬಟ್ಟೆ ಎಲ್ಲ ಬೇರೆ. ಸಸ್ಯಾಹಾರಿಯಾದ ನಾನು ಇಲಿಯನ್ನು ಕೈಯಲ್ಲಿ ಹಿಡಿಯುವುದು ಹೇಗೆ ಎಂದು ಕೇಳುವವರಿಗೆ ನನ್ನ ಉತ್ತರ ನೇರವಾಗಿದೆ. ಹಾವು ತನ್ನ ಧರ್ಮದಂತೆ ಉಣ್ಣುತ್ತದೆ, ಅದನ್ನು ಮನೆಗೆ ತಂದವಳು ನಾನು. ನನ್ನ ವ್ರತವನ್ನು ಅದರ ಮೇಲೆ ಹೇರುವ ಹಕ್ಕು ನನಗಿಲ್ಲ.

ಬಿಸಿ ಮಾಡುವ ಕ್ರಮದಲ್ಲೇ ಅರ್ಧ ಗೆಲುವಿದೆ. ಹಿಂದಿನ ರಾತ್ರಿ ಫ್ರೀಜರಿನಿಂದ ತೆಗೆದು ಮುಚ್ಚಿದ ಡಬ್ಬಿಯಲ್ಲಿ ತಣ್ಣಗಿನ ಜಾಗದಲ್ಲಿಟ್ಟು ನಿಧಾನವಾಗಿ ಕರಗಲು ಬಿಡುತ್ತೇನೆ. ಒಳಗೆ ಹಿಮ ಉಳಿದ ಇಲಿಯೂ ಕಕ್ಕುವುದಕ್ಕೆ ಒಂದು ಕಾರಣ. ಮೈಕ್ರೋವೇವ್ ಬಳಸಲೇಬಾರದು, ಅದು ಒಂದು ಕಡೆ ಬೇಯಿಸಿ ಇನ್ನೊಂದು ಕಡೆ ಹಸಿಯಾಗಿ ಬಿಡುತ್ತದೆ, ಹೊಟ್ಟೆ ಒಡೆಯುವುದೂ ಉಂಟು. ಸಂಜೆ ಚೀಲದೊಳಗಿಟ್ಟು ಕೈ ತಾಳುವಷ್ಟು ಬಿಸಿನೀರಿನಲ್ಲಿ ಮುಳುಗಿಸಿ, ತಲೆಯ ಭಾಗ 38 ಡಿಗ್ರಿಯ ಆಸುಪಾಸಿಗೆ ಬರುವಂತೆ ನೋಡಿಕೊಳ್ಳುತ್ತೇನೆ. ರಾಯಲ್ ಪೈಥಾನ್‌ನ ಮೇಲ್ದುಟಿಯುದ್ದಕ್ಕೂ ಸಣ್ಣ ಕುಳಿಗಳಿವೆ. ಬೇಟೆಯ ಮೈಬಿಸಿಯನ್ನು ಕತ್ತಲಲ್ಲೂ ಅದು ಅವುಗಳಿಂದ ಕಾಣುತ್ತದೆ. ತಲೆ ಬೆಚ್ಚಗಿಲ್ಲದ ಇಲಿ ಅದರ ಪಾಲಿಗೆ ಕಲ್ಲು. ದೀಪ ಆರಿಸಿ, ಉದ್ದ ಇಕ್ಕಳದಲ್ಲಿ ಹಿಡಿದು, ಗೂಡಿನ ಬಾಯಿಯ ಮುಂದೆ ಒಮ್ಮೆ ಮೆಲ್ಲಗೆ ಆಡಿಸಿ ಸುಮ್ಮನಾಗಬೇಕು. ಮುಖಕ್ಕೆ ತಾಗಿಸಿ ಪೀಡಿಸಿದರೆ ಚೆಂಡಾಗಿ ಸುತ್ತಿಕೊಳ್ಳುತ್ತದೆ, ಆ ವಾರದ ಅವಕಾಶ ಅಲ್ಲಿಗೆ ಮುಗಿಯಿತು. ಒಲ್ಲೆ ಎಂದರೆ ಇಲಿಯನ್ನು ಎಸೆದು, ಹತ್ತು ಹದಿನೈದು ದಿನ ಪೆಟ್ಟಿಗೆಯ ಕಡೆ ನೀರು ಬದಲಿಸಲಷ್ಟೇ ಹೋಗುವುದು. ಕರಗಿದ ಇಲಿಯನ್ನು ಮತ್ತೆ ಹೆಪ್ಪುಗಟ್ಟಿಸಬಾರದು.

ಊರಿನಲ್ಲಿ ಆಯಿಗೆ ಇದೆಲ್ಲ ಫೋನಿನಲ್ಲಿ ತಿಳಿಯುತ್ತಲೇ ಇತ್ತು. ‘ತಿಂಗಳಾದರೂ ಏನೂ ತಿಂದಿಲ್ಲವೇ? ಒಂದು ಬಟ್ಟಲು ಹಾಲಾದರೂ ಇಡು ಮಗಳೇ’ ಎಂದಳು. ಅವಳ ಮಾತಿನಲ್ಲಿದ್ದದ್ದು ಕರುಣೆ. ನಾಗರ ಪಂಚಮಿಯ ದಿನ ಬನದ ಕಲ್ಲಿಗೆ ಹಾಲೆರೆದು ಕೈಮುಗಿದವಳೇ ನಾನೂ. ಕಲ್ಲಿಗೆ ಎರೆಯುವ ಹಾಲು ನಮ್ಮ ಭಕ್ತಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಜೀವಂತ ಹಾವಿಗೆ ಹಾಲು ಕುಡಿಸುವುದು ಮಾತ್ರ ಹಿಂಸೆ. ಹಾವು ಮೊಲೆಯುಣ್ಣುವ ಪ್ರಾಣಿಯಲ್ಲ, ಹಾಲನ್ನು ಜೀರ್ಣಿಸಿಕೊಳ್ಳುವ ಏರ್ಪಾಡು ಅದರ ಹೊಟ್ಟೆಯಲ್ಲಿಲ್ಲ. ಪಂಚಮಿಯ ಬುಟ್ಟಿಗಳಲ್ಲಿ ಹಾವುಗಳು ಹಾಲು ಕುಡಿಯುವುದು ವಾರಗಟ್ಟಲೆ ನೀರು ಕೊಡದೆ ಬಾಯಾರಿಸಿ ಇಟ್ಟಿರುವುದರಿಂದ. ಕುಡಿದ ಮೇಲೆ ಹೊಟ್ಟೆ ಕೆಟ್ಟು, ಶ್ವಾಸಕ್ಕೆ ಹಾಲು ಹೋಗಿ ಎಷ್ಟೋ ಹಾವುಗಳು ಸಾಯುತ್ತವೆ. ಆಯಿಗೆ ಇದನ್ನು ನಿಧಾನವಾಗಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದರೆ ನೀರು ಬದಲಾಯಿಸಿ ಇಡುತ್ತೀಯ ತಾನೇ?’ ಎಂದು ಕೇಳಿದಳು. ನೀರಿನ ವಿಚಾರದಲ್ಲಿ ಆಯಿ ಸರಿಯಾದ ಜಾಗಕ್ಕೇ ಬಂದಿದ್ದಳು.

ಯಾಕೆಂದರೆ ವಸಂತದಲ್ಲಿ ಅಂಜನಾ ಮತ್ತೆ ಉಣ್ಣಲು ತೊಡಗಿದ ಮೇಲೆ ಬಂದ ತೊಂದರೆ ಮಲಬದ್ಧತೆ. ಚಳಿದೇಶದ ಮನೆಗಳಲ್ಲಿ ರೇಡಿಯೇಟರುಗಳ ಬಿಸಿಗೆ ಗಾಳಿ ಒಣಗಿಬಿಡುತ್ತದೆ. ಶೇಕಡ 60ಕ್ಕಿಂತ ಮೇಲಿರಬೇಕಾದ ಆರ್ದ್ರತೆ ಪೆಟ್ಟಿಗೆಯೊಳಗೆ ಆಗಾಗ ಕುಸಿಯುತ್ತಿತ್ತು. ಊಟಗಳು ಒಳಗೆ ಹೋದವು, ಹೊರಗೆ ಏನೂ ಬರಲಿಲ್ಲ. ಬಾಲದ ಬುಡಕ್ಕೆ ಸ್ವಲ್ಪ ಮೇಲೆ ಗಟ್ಟಿಯಾದ ಉಬ್ಬು. ಹಾವಿನ ಮೂತ್ರ ನಮ್ಮಂತೆ ನೀರಾಗಿ ಬರುವುದಿಲ್ಲ, ಬಿಳಿಯ ಸುಣ್ಣದಂಥ ಯೂರೇಟ್ ಆಗಿ ಬರುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ಅದು ಕಲ್ಲಾಗಿ ಮಲದ ದಾರಿಗೆ ಅಡ್ಡ ಕೂರುತ್ತದೆ. ಇಲ್ಲಿ ಕೈಯಿಂದ ಒತ್ತಿ ಕೆಳಗೆ ತಳ್ಳುವ ಪ್ರಯತ್ನ ಬಹಳ ಅಪಾಯಕಾರಿ, ಕರುಳು ಹರಿಯಬಹುದು. ಎಣ್ಣೆ ಕುಡಿಸುವ ಮನೆಮದ್ದೂ ಬೇಡ, ಶ್ವಾಸಕ್ಕೆ ಹೋದರೆ ಪ್ರಾಣಕ್ಕೇ ಕುತ್ತು.

ವೈದ್ಯೆಯನ್ನು ಕೇಳಿ ಮಾಡಿದ್ದು ಇಷ್ಟು. ಗಾಳಿಯಾಡುವ ಮುಚ್ಚಳದ ಡಬ್ಬಿಯಲ್ಲಿ, ಹಾವಿನ ಮೈಯ ಅರ್ಧ ಎತ್ತರಕ್ಕೆ ಮಾತ್ರ, 30 ಡಿಗ್ರಿಯ ಉಗುರುಬೆಚ್ಚಗಿನ ನೀರು. ಅದರಲ್ಲಿ ಇಪ್ಪತ್ತು ನಿಮಿಷ ಅಂಜನಾ, ಪಕ್ಕದಲ್ಲೇ ಕುಳಿತು ಕಾಯುವ ನಾವು. ಒರೆಸಿ, ನೆಲದ ಮೇಲೆ ಸ್ವಲ್ಪ ಹರಿದಾಡಲು ಬಿಡುವುದು, ಏಕೆಂದರೆ ಹರಿದಾಟವೇ ಕರುಳಿಗೆ ಮಾಲೀಸು. ಪೆಟ್ಟಿಗೆಗೆ ತೆಂಗಿನ ನಾರಿನ ಪುಡಿಯನ್ನು ದಪ್ಪಗೆ ಹಾಸಿ, ಅದರ ಅಡಿಪದರವನ್ನು ತೇವವಾಗಿಟ್ಟೆವು. ಮೇಲ್ಪದರ ಒಣಗಿಯೇ ಇರಬೇಕು, ಇಲ್ಲದಿದ್ದರೆ ಹೊಟ್ಟೆಯ ಹುರುಪೆಗಳು ಕೊಳೆಯುತ್ತವೆ. ಅಡಿಕೆ ತೋಟದಲ್ಲಿ ಸೊಪ್ಪಿನ ಹೊದಿಕೆಯ ಕೆಳಗೆ ಮಣ್ಣು ತಣ್ಣಗಿರುವುದನ್ನು ಕಂಡವಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ವಾರದೊಳಗೆ ಎಲ್ಲವೂ ಹೊರಗೆ ಬಂತು, ಮೊದಲು ಬಿಳಿಯ ಗಟ್ಟಿ ಉಂಡೆ, ಹಿಂದೆಯೇ ಕಪ್ಪು ಮಲ. ಮಗಳು ಕುಣಿದಾಡಿದಳು. ಬಾರದಿದ್ದರೆ ಎಕ್ಸ್‌ರೇ ತೆಗೆಯುವುದೆಂದು ಮೊದಲೇ ಮಾತಾಗಿತ್ತು.

ಬೆಂಗಳೂರಿನಿಂದ ಇಬ್ಬರು ಮೂವರು ಗೆಳೆಯರು ಇಂಥದೊಂದು ಹಾವು ತರುವ ಆಸೆಯನ್ನು ನನ್ನಲ್ಲಿ ತೋಡಿಕೊಂಡಿದ್ದಾರೆ. ಅವರಿಗೆ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ನಾಡಿನ ಹೆಬ್ಬಾವು, ಕೇರೆ, ನಾಗರ ಯಾವುದನ್ನೂ ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಅಪರಾಧವೆನ್ನುತ್ತದೆ. ರಾಯಲ್ ಪೈಥಾನ್ ಹೊರದೇಶದ್ದಾದರೂ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿರುವ ಪ್ರಾಣಿ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಬಳಿಕ ಅಂಥವನ್ನು ಇಟ್ಟುಕೊಂಡವರು ನೋಂದಾಯಿಸಲೇಬೇಕು. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಬಂದ ಸೂಟ್‌ಕೇಸುಗಳಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕಿದ ಪ್ರಾಣಿಗಳಲ್ಲಿ 55 ಬಾಲ್ ಪೈಥಾನ್‌ಗಳಿದ್ದವು. ನೀರಿಲ್ಲದೆ, ಕಾವಿಲ್ಲದೆ, ಉಸಿರುಗಟ್ಟಿ ಹಾಗೆ ಬಂದ ಹಾವಿನ ಹೊಟ್ಟೆ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದು ಇಲ್ಲಿಯವರೆಗೆ ಓದಿದವರಿಗೆ ತಿಳಿಯುತ್ತದೆ. ಕಾಗದಪತ್ರವಿಲ್ಲದ ಹಾವನ್ನು ಕೊಳ್ಳುವುದೆಂದರೆ ಮುಂದಿನ ಸೂಟ್‌ಕೇಸಿಗೆ ಹಣ ಕೊಟ್ಟಂತೆ.

ಅಂಜನಾ ಈಗ ಮೂರು ವಾರಕ್ಕೊಮ್ಮೆ ಅರವತ್ತು ಗ್ರಾಂನ ಒಂದು ಇಲಿ ಉಣ್ಣುತ್ತಿದ್ದಾಳೆ. ಮೊನ್ನೆ ತೂಗಿದಾಗ 1,410 ಗ್ರಾಂ. ಇನ್ನು ದೊಡ್ಡ ಇಲಿ ಕೊಡಬಹುದಲ್ಲ ಎಂದು ಮಗಳ ವಾದ, ಕೊಡುವುದಿಲ್ಲ ಎಂದು ನನ್ನ ಹಟ. ಮಲದ ಮರುಪರೀಕ್ಷೆ ಸೆಪ್ಟೆಂಬರಿನಲ್ಲಿದೆ. ಅದರ ಫಲಿತಾಂಶ ನೋಡಿ ವೈದ್ಯೆ ಹೇಳಿದರೆ ಎಪ್ಪತ್ತಕ್ಕೆ ಏರಿಸೋಣ ಎಂದು ಒಪ್ಪಂದವಾಗಿದೆ.